ಹೆಸರಿಲ್ಲದವನ ಕಥೆ
(ಬಾನುಲಿ ಭಾಷಣ)

ಬೆಳಗಾವಿಯಿಂದ ಚೋರ್ಲಾ ಘಟ್ಟದ ಹಾದಿಯಾಗಿ ಗೋವೆಗೆ ಹೋಗುವವರಿಗೆ ಜಾಂಬೋಟಿ ಪರಿಚಿತವಾದ ಊರು. ಖಾನಾಪುರ ತಾಲೂಕಿಗೆ ಸೇರಿದ ಈ ಊರನ್ನು ದಾಟಿದ ಮೇಲೆ ಕಾಡು ದಟ್ಟವಾಗುತ್ತ ಹೋಗುತ್ತದೆ. ಇನ್ನೂ ಮುಂದೆ ಹೋದರೆ ಮಲಪ್ರಭೆ ಹುಟ್ಟುವ ಕಣಕುಂಬಿ. ಇಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ದಿನಗಟ್ಟಲೆ ಬಿಡುವುದಿಲ್ಲ. ದೀಪ ಹೋದರೆ ಯಾವಾಗ ಬಂದೀತೆಂದು ಕೇಳುವ ರೂಢಿಯೂ ಇಲ್ಲ. ಅಂಥ ಒಂದು ರಾತ್ರಿ, ಕೆಲವು ವರ್ಷಗಳ ಹಿಂದೆ, ನನ್ನ ಸೋದರತ್ತೆಯ ಮನೆಯಲ್ಲಿ ನಾನು ಒಂದು ಹಳೆಯ ಇಂಗ್ಲಿಷ್ ಚಲನಚಿತ್ರವನ್ನು ನೋಡಿದೆ. ಬೆಳಗಾವಿಯಲ್ಲಿ ಓದುತ್ತಿದ್ದ ಅತ್ತೆಯ ಮೊಮ್ಮಗ ಅದನ್ನು ತನ್ನ ಕಂಪ್ಯೂಟರಿನಲ್ಲಿ ತುಂಬಿಕೊಂಡು ಬಂದಿದ್ದ. ಚಿತ್ರದ ಹೆಸರು ‘ಫ್ರಾಂಕೆನ್‌ಸ್ಟೈನ್’, ತಯಾರಾದದ್ದು 1931ರಲ್ಲಿ. ನಾನು ಅದನ್ನು ಹಿಂದೆಯೂ ನೋಡಿದ್ದೆ. ಅತ್ತೆ ಇಂಗ್ಲಿಷ್ ಅರಿಯದವಳು; ಬತ್ತಿ ಹೊಸೆಯುತ್ತ ಸುಮ್ಮನೆ ಒಂದು ಬದಿಗೆ ಕುಳಿತಿದ್ದಳು.

ಹೆಣಗಳ ಅಂಗಾಂಗಗಳನ್ನು ಹೊಲಿದು ಜೋಡಿಸಿದ ದೇಹವೊಂದಕ್ಕೆ ವಿಜ್ಞಾನಿಯೊಬ್ಬ ಜೀವ ತುಂಬುವ ಕಥೆ ಅದು. ಆ ಆಕೃತಿ ಮೊದಲ ಸಲ ಬಾಗಿಲಲ್ಲಿ ಕಾಣಿಸಿಕೊಂಡಾಗ ಹುಡುಗ ನಮ್ಮ ಮುಖ ನೋಡಿದ; ಹೆದರುವೆವೋ ಇಲ್ಲವೋ ಎಂಬ ಕುತೂಹಲ ಅವನಿಗೆ. ಅತ್ತೆ ಹೆದರಲಿಲ್ಲ. “ಅದಕ್ಕ ಹೆಸರೇನೋ ತಮ್ಮಾ?” ಎಂದು ಕೇಳಿದಳು.

“ಹೆಸರಿಲ್ಲ ಆಯಿ. ಅದನ್ನ ಮಾಡಿದಾಂವನ ಹೆಸರು ಫ್ರಾಂಕೆನ್‌ಸ್ಟೈನ್.”

“ಮಾಡಿದಾಂವಗ ಹೆಸರೈತಿ, ಅದಕ್ಕ ಇಲ್ಲ. ಹೆಸರಿಡದ ಬಿಟ್ಟ ಕೂಸು ಅಳದ ಮತ್ತೇನ ಮಾಡತೈತಿ?”

ಈ ಚಿತ್ರದ ಬಗ್ಗೆ ನಾನು ಓದಿದ್ದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಅದರ ಮರ್ಮವನ್ನು ಮುಟ್ಟಿರಲಿಲ್ಲ. ಭಯಪಡಿಸುವುದಕ್ಕೆಂದೇ ತೆಗೆದ ಚಿತ್ರಗಳು ಬೇಗ ಮುದಿಯಾಗುತ್ತವೆ. ಒಂದು ತಲೆಮಾರನ್ನು ನಡುಗಿಸಿದ ಬಣ್ಣ, ಬೆಳಕು, ಯಂತ್ರಗಳು ಮುಂದಿನ ತಲೆಮಾರಿಗೆ ನಗೆ ತರಿಸುತ್ತವೆ. ಹಾಗಿದ್ದೂ ಈ ಚಿತ್ರ ಏಕೆ ಉಳಿದಿದೆ ಎಂಬುದಕ್ಕೆ ಉತ್ತರ, ನನ್ನ ಮಟ್ಟಿಗೆ, ಅತ್ತೆಯ ಆ ಪ್ರಶ್ನೆಯಲ್ಲಿಯೇ ಇದೆ. ಅದನ್ನು ವಿವರಿಸಬೇಕಾದರೆ ಚಿತ್ರಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ ಹೋಗಬೇಕು.

1815ರ ಏಪ್ರಿಲ್ ತಿಂಗಳಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಎಂಬ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು, ಅನಿಲಗಳು ಮೇಲಿನ ವಾತಾವರಣವನ್ನು ಕವಿದು ಬಿಸಿಲಿನ ತೀಕ್ಷ್ಣತೆಯನ್ನೇ ಕಡಿಮೆ ಮಾಡಿದವು. ಮರುವರ್ಷ ಯುರೋಪಿಗೆ ಬೇಸಗೆಯೇ ಬರಲಿಲ್ಲ. 1816ರ ಜೂನ್ ತಿಂಗಳಲ್ಲಿ ಜಿನೀವಾ ಸರೋವರದ ದಂಡೆಯ ಒಂದು ಮನೆಯಲ್ಲಿ ಕೆಲವರು ಎಡೆಬಿಡದ ಮಳೆಗೆ ಸಿಕ್ಕಿ ಒಳಗೇ ಉಳಿಯಬೇಕಾಯಿತು. ಕವಿ ಬೈರನ್, ಅವನ ವೈದ್ಯ ಪೊಲಿಡೋರಿ, ಕವಿ ಶೆಲ್ಲಿ, ಅವನೊಡನೆ ಬಂದಿದ್ದ ಹದಿನೆಂಟು ವರ್ಷದ ಮೇರಿ ಅವರಲ್ಲಿ ಸೇರಿದ್ದರು. ಹೊತ್ತು ಹೋಗದೆ ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯಬೇಕೆಂದು ಬೈರನ್ ಸೂಚಿಸಿದ. ಕವಿಗಳಿಬ್ಬರ ಕಥೆಗಳೂ ಮುಂದುವರಿಯಲಿಲ್ಲ. ಮೇರಿಯ ಕಥೆ ಕಾದಂಬರಿಯಾಗಿ ಬೆಳೆಯಿತು. ಜಾಂಬೋಟಿಯಲ್ಲಿ ಮಳೆಗಾಲ ಕಳೆದವರಿಗೆ ಆ ಕಥೆ ಹುಟ್ಟಿದ ಪರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮಳೆಯೊಂದೇ ಆ ಕಥೆಯನ್ನು ಹುಟ್ಟಿಸಲಿಲ್ಲ. ಮೇರಿ ಹುಟ್ಟಿದ ಹನ್ನೊಂದನೆಯ ದಿನಕ್ಕೇ ಅವಳ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ತೀರಿಕೊಂಡಿದ್ದಳು. 1815ರ ಫೆಬ್ರವರಿ 22ರಂದು ಮೇರಿಗೆ ದಿನ ತುಂಬದ ಹೆಣ್ಣುಕೂಸು ಹುಟ್ಟಿತು. ಮಾರ್ಚ್ 6ರಂದು ಅದು ಹೋಯಿತು. ಎಣಿಸಿದರೆ ಹನ್ನೆರಡು ದಿನ. ನಮ್ಮಲ್ಲಾದರೆ ತೊಟ್ಟಿಲು ಕಟ್ಟಿ ಹೆಸರಿಡುವ ಹೊತ್ತು. ಆ ಕೂಸಿಗೆ ಹೆಸರಿಟ್ಟಿರಲಿಲ್ಲ. ಕೆಲವು ದಿನಗಳ ಮೇಲೆ ಮೇರಿ ತನ್ನ ದಿನಚರಿಯಲ್ಲಿ ಒಂದು ಕನಸನ್ನು ಬರೆದಿಟ್ಟಳು. ಕೂಸು ಸತ್ತಿರಲಿಲ್ಲ, ತಣ್ಣಗಾಗಿತ್ತು ಅಷ್ಟೆ. ಬೆಂಕಿಯ ಮುಂದೆ ಹಿಡಿದು ಮೈ ತಿಕ್ಕಿದರೆ ಮತ್ತೆ ಉಸಿರಾಡಿತು. ಎಚ್ಚರವಾದಾಗ ಕೂಸಿರಲಿಲ್ಲ. ಸತ್ತ ದೇಹಕ್ಕೆ ಜೀವ ತುಂಬುವ ಕಥೆಯನ್ನು ಬರೆದವಳು ಈ ಕನಸನ್ನು ಕಂಡ ತಾಯಿ.

ನನ್ನ ಅತ್ತೆಗೂ ಮೊದಲ ಕೂಸು ತೊಟ್ಟಿಲೇರುವ ಮುನ್ನವೇ ಹೋಗಿತ್ತು. ನಮ್ಮ ಮನೆತನದಲ್ಲಿ ಅದು ಎಲ್ಲರೂ ಬಲ್ಲ, ಯಾರೂ ಎತ್ತದ ಮಾತು. ಆ ರಾತ್ರಿ ಅವಳು ಹೆಸರನ್ನೇ ಏಕೆ ಕೇಳಿದಳೆಂಬುದು ನನಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ.

ಕಾದಂಬರಿ ಪ್ರಕಟವಾದದ್ದು 1818ರ ಜನವರಿ 1ರಂದು. ಅದೇ ವರ್ಷ ಏಪ್ರಿಲ್ 10ರಂದು ಬೆಳಗಾವಿಯ ಕೋಟೆ ಪೇಶ್ವೆಯ ಕೈತಪ್ಪಿ ಥಾಮಸ್ ಮನ್ರೋನ ವಶವಾಯಿತು. ನಮ್ಮ ಸೀಮೆಗೆ ಇಂಗ್ಲಿಷರ ಆಳಿಕೆ ಬಂದ ವರ್ಷವೇ ಈ ಕಥೆ ಲೋಕಕ್ಕೆ ಬಂತು. ಮೊದಲ ಮುದ್ರಣದ ಪ್ರತಿಗಳು ಕೇವಲ 500, ಲೇಖಕರ ಹೆಸರಿರಲಿಲ್ಲ. ಬರೆದವನು ಶೆಲ್ಲಿಯೇ ಇರಬೇಕೆಂದು ಹಲವರು ಊಹಿಸಿದರು. ಮೇರಿಯ ಹೆಸರು ಪುಸ್ತಕದ ಮೇಲೆ ಅಚ್ಚಾಗಲು 1823ರ ಎರಡನೆಯ ಮುದ್ರಣದವರೆಗೆ ಕಾಯಬೇಕಾಯಿತು. ಅದೇ ವರ್ಷ ಲಂಡನ್ನಿನ ರಂಗಭೂಮಿಯ ಮೇಲೆ ಕಥೆ ನಾಟಕವಾಗಿ ಬಂದಾಗ, ಪಾತ್ರವರ್ಗದ ಪಟ್ಟಿಯಲ್ಲಿ ಆ ಜೀವಿಯ ಹೆಸರಿರಬೇಕಾದಲ್ಲಿ ಬರಿಯ ಗೆರೆಯೊಂದನ್ನು ಎಳೆದಿದ್ದರು. ಮೇರಿ ಸ್ವತಃ ಹೋಗಿ ಆ ನಾಟಕ ನೋಡಿದಳು. ಹೆಸರಿಲ್ಲದ್ದನ್ನು ಹೆಸರಿಸಿದ ಈ ಬಗೆ ಅವಳಿಗೆ ಹಿಡಿಸಿತು.

ಈಗ 1931ಕ್ಕೆ ಬರೋಣ. ಆ ವರ್ಷದ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ತೆರೆ ಕಂಡಿತ್ತು. ಕನ್ನಡದ ‘ಸತಿ ಸುಲೋಚನಾ’ ಕೊಲ್ಹಾಪುರದಲ್ಲಿ ತಯಾರಾಗಿ ಹೊರಬರಲು ಇನ್ನೂ ಮೂರು ವರ್ಷವಿತ್ತು. ಅಮೆರಿಕದಲ್ಲಿಯೂ ಮಾತಿನ ಚಿತ್ರ ಇನ್ನೂ ಎಳೆಯದು. ನವೆಂಬರಿನಲ್ಲಿ ಯೂನಿವರ್ಸಲ್ ಸಂಸ್ಥೆ ಬಿಡುಗಡೆ ಮಾಡಿದ ಈ ಚಿತ್ರದಲ್ಲಿ, ಮೊದಲ ಪಟ್ಟಿಯ ಸಂಗೀತ ಮುಗಿದ ಮೇಲೆ, ಹಿನ್ನೆಲೆ ಸಂಗೀತ ಇಲ್ಲವೆಂದೇ ಹೇಳಬೇಕು. ನಾವು ನೋಡಿದ ರಾತ್ರಿ ಆ ಕೊರತೆಯನ್ನು ಹೆಂಚಿನ ಮೇಲಿನ ಮಳೆ ತುಂಬಿತು. ಆ ಮೊದಲ ಪಟ್ಟಿಯನ್ನು ಗಮನವಿಟ್ಟು ನೋಡಬೇಕು. ರಾಕ್ಷಸನ ಪಾತ್ರಧಾರಿ ಯಾರು ಎಂಬಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಮೂಲ ಕಥೆ ಯಾರದು ಎಂಬಲ್ಲಿ, ಮೇರಿಯ ಸ್ವಂತ ಹೆಸರಿನ ಬದಲು, ಶ್ರೀಮತಿ ಪರ್ಸಿ ಬಿ. ಶೆಲ್ಲಿ. ಮಾಡಿದವಳ ಹೆಸರು ಗಂಡನ ಹೆಸರಿನ ಮರೆಗೆ ಸರಿದಿದೆ. ಮಾಡಲ್ಪಟ್ಟವನಿಗೆ ಹೆಸರೇ ಇಲ್ಲ.

ನಿರ್ದೇಶಕ ಜೇಮ್ಸ್ ವೇಲ್ ಇಂಗ್ಲೆಂಡಿನವನು. ಮೊದಲ ಮಹಾಯುದ್ಧದಲ್ಲಿ ಕಾದಾಡಿ, 1917ರಲ್ಲಿ ಜರ್ಮನರಿಗೆ ಸೆರೆ ಸಿಕ್ಕವನು. ಕತ್ತರಿಸಿದ, ಹೊಲಿದ ದೇಹಗಳನ್ನು ಕಣ್ಣಾರೆ ಕಂಡ ತಲೆಮಾರು ಅವನದು. ಕಾದಂಬರಿಯಲ್ಲಿ ಜೀವ ತುಂಬಿದ ವಿಧಾನವನ್ನು ಮೇರಿ ಬೇಕೆಂದೇ ಮಬ್ಬಾಗಿ ಬಿಟ್ಟಿದ್ದಾಳೆ. ಸಿಡಿಲು, ಕಿಡಿ ಕಾರುವ ಯಂತ್ರಗಳು, ಛಾವಣಿಗೆ ಏರುವ ಮೇಜು, ಇವೆಲ್ಲ ಚಿತ್ರ ನಮ್ಮ ಮನಸ್ಸಿನಲ್ಲಿ ಊರಿದ ನೋಟಗಳು. ಆ ಯಂತ್ರಗಳನ್ನು ಒದಗಿಸಿದವನು ಕೆನೆತ್ ಸ್ಟ್ರಿಕ್‌ಫಾಡನ್. ಅವುಗಳಲ್ಲಿ ಕೆಲವನ್ನು 1974ರಲ್ಲಿ ಮೆಲ್ ಬ್ರೂಕ್ಸ್ ತನ್ನ ಅಣಕು ಚಿತ್ರಕ್ಕೂ ಬಳಸಿಕೊಂಡ. ಇದು ಬರಿಯ ಕಲ್ಪನೆಯೂ ಅಲ್ಲ. 1803ರಲ್ಲಿ ಆಲ್ಡಿನಿ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಗಲ್ಲಿಗೇರಿದವನೊಬ್ಬನ ಶವಕ್ಕೆ ವಿದ್ಯುತ್ತು ಹಾಯಿಸಿದಾಗ ದವಡೆ ಅದುರಿ, ಒಂದು ಕಣ್ಣು ತೆರೆದಿತ್ತು.

ಪ್ರಶ್ನಾರ್ಥಕ ಚಿಹ್ನೆಯ ಹಿಂದಿದ್ದ ನಟ ಬೋರಿಸ್ ಕಾರ್ಲಾಫ್. ದಿನವೂ ಗಂಟೆಗಟ್ಟಲೆ ಕುಳಿತು ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧಕನಿಂದ ಆ ಮುಖವನ್ನು ಬರೆಸಿಕೊಳ್ಳುತ್ತಿದ್ದವನು. ಬೋರಿಸ್ ಕಾರ್ಲಾಫ್ ಎಂಬುದೂ ಅವನ ಹುಟ್ಟುಹೆಸರಲ್ಲ. ಅವನು 1887ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವಿಲಿಯಂ ಹೆನ್ರಿ ಪ್ರ್ಯಾಟ್. ತಂದೆ ಭಾರತದಲ್ಲಿ ಸರಕಾರಿ ಅಧಿಕಾರಿ. ತಾಯಿ 1848ರಲ್ಲಿ ಭಾರತದಲ್ಲಿಯೇ ಹುಟ್ಟಿದವಳು. ಅವರ ಮದುವೆ 1864ರಲ್ಲಿ ಸೂರತ್ತಿನಲ್ಲಿ ಆಯಿತು. ಅಂದು ನಮ್ಮ ಬೆಳಗಾವಿಯಂತೆ ಸೂರತ್ತೂ ಮುಂಬಯಿ ಇಲಾಖೆಗೆ ಸೇರಿದ ಊರು. ಸಯಾಮಿನ ಅರಮನೆಯಲ್ಲಿ ಶಿಕ್ಷಕಿಯಾಗಿ ಹೆಸರಾದ ಆ್ಯನಾ ಲಿಯೊನೋವೆನ್ಸ್ ಈ ತಾಯಿಯ ಚಿಕ್ಕಮ್ಮ. ಆಗಿನ ಅಹಮದನಗರದಲ್ಲಿ ಹುಟ್ಟಿದ ಆಕೆ ತನ್ನ ಹುಟ್ಟೂರನ್ನು ಮುಚ್ಚಿಟ್ಟು, ತಾನು ವೇಲ್ಸ್ ನಾಡಿನವಳೆಂದು ಹೇಳಿಕೊಂಡೇ ಬಾಳಿದಳು. ಬಿಳಿಯರ ನಡುವೆ ಮಿಶ್ರ ರಕ್ತದವರಿಗೆ ಇದ್ದ ಸ್ಥಾನ ಎಂಥದೆಂಬುದು ಅದರಿಂದಲೇ ತಿಳಿಯುತ್ತದೆ. ಕಾರ್ಲಾಫನ ಮೈಬಣ್ಣವೂ ಒಂದಿಷ್ಟು ಕಪ್ಪು. 1909ರಲ್ಲಿ ಕೆನಡಾಕ್ಕೆ ಹೋಗಿ ಕೂಲಿ ಮಾಡಿ, ಲಾರಿ ನಡೆಸಿ, ಸಣ್ಣಪುಟ್ಟ ಪಾತ್ರಗಳಲ್ಲಿ ಕಾಲ ಕಳೆದಿದ್ದ ಅವನಿಗೆ, ಯಾರಿಗೂ ಬೇಡವಾದವನ ಪಾತ್ರವನ್ನು ಎಲ್ಲಿಂದಲೋ ಕಲಿಯಬೇಕಾಗಿರಲಿಲ್ಲ ಎಂದು ನನಗೆ ತೋರುತ್ತದೆ.

ಚಿತ್ರದಲ್ಲಿ ಒಂದು ದೃಶ್ಯವಿದೆ. ಕತ್ತಲೆಯಲ್ಲಿ ಇರಿಸಿದ್ದ ಆ ಜೀವಿಯ ಮೇಲೆ, ಛಾವಣಿಯ ಕಿಂಡಿ ತೆರೆದಾಗ, ಮೊದಲ ಸಲ ಬೆಳಕು ಬೀಳುತ್ತದೆ. ಅದು ನಿಧಾನವಾಗಿ ತಲೆಯೆತ್ತಿ, ಎರಡೂ ಕೈ ನೀಡಿ, ಬೆಳಕನ್ನು ಹಿಡಿಯಲು ನೋಡುತ್ತದೆ. ವಿಜ್ಞಾನಿ ಕಿಂಡಿ ಮುಚ್ಚಿಸುತ್ತಾನೆ. ಕೈಗಳು ಬರಿದಾಗಿ ಅವನ ಕಡೆಗೇ ಚಾಚುತ್ತವೆ. ಅನಂತರ ಅದಕ್ಕೆ ದೊರೆಯುವ ಬೆಳಕು ಆಳುಮಗನ ಕೈಯ ದೀವಟಿಗೆ. ಕಥೆ ಹೆಣೆದವರು ಈ ಜೀವಿಗೆ ಅಪರಾಧಿಯೊಬ್ಬನ ಮೆದುಳು ಸೇರಿತೆಂದು ಹೇಳಿ, ಕೇಡಿಗೆ ಸುಲಭದ ಕಾರಣವೊಂದನ್ನು ಒದಗಿಸಿದ್ದಾರೆ. ಮೇರಿಯ ಕಾದಂಬರಿಯಲ್ಲಿ ಅದಿಲ್ಲ. ಕಾರ್ಲಾಫನ ಎರಡು ಕೈಗಳು ಆ ಕಾರಣವನ್ನು ಸುಳ್ಳು ಮಾಡುತ್ತವೆ.

ಇನ್ನೊಂದು ದೃಶ್ಯ ಕೆರೆಯ ದಂಡೆಯದು. ಮರಿಯಾ ಎಂಬ ಪುಟ್ಟ ಹುಡುಗಿ ಹೆದರದೆ ಅದರ ಕೈ ಹಿಡಿದು ಆಟಕ್ಕೆ ಕರೆಯುತ್ತಾಳೆ. ಇಬ್ಬರೂ ಹೂಗಳನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಹೂ ಮುಗಿದಾಗ, ಚೆಲುವಾದದ್ದೆಲ್ಲ ತೇಲುತ್ತದೆಂದು ನಂಬಿ, ಅದು ಹುಡುಗಿಯನ್ನೇ ಎತ್ತಿ ನೀರಿಗೆ ಬಿಡುತ್ತದೆ. ಅವಳು ಮುಳುಗಿದಾಗ ದಿಕ್ಕುಗೆಟ್ಟು ಓಡುತ್ತದೆ. ಇದನ್ನು ಸಹಿಸದ ಸೆನ್ಸಾರಿನವರು ಹುಡುಗಿಯ ಕಡೆಗೆ ಕೈ ಚಾಚಿದಲ್ಲಿಗೇ ದೃಶ್ಯವನ್ನು ಕತ್ತರಿಸಿದರು. ಹೀಗಾಗಿ ಹತ್ತಾರು ವರ್ಷ ಪ್ರೇಕ್ಷಕರು ಕಂಡದ್ದು ಚಾಚಿದ ಕೈ, ಬಳಿಕ ತಂದೆಯ ತೋಳಿನಲ್ಲಿ ಮಗುವಿನ ಹೆಣ. ನಡುವೆ ನಡೆದದ್ದನ್ನು ಅವರವರ ಮನಸ್ಸು ಇನ್ನಷ್ಟು ಘೋರವಾಗಿ ತುಂಬಿಕೊಂಡಿತು. ಅರಿಯದೆ ಆದ ಅನಾಹುತವನ್ನು ಪಾತಕವಾಗಿ ಮಾಡಿದ್ದು ಕತ್ತರಿ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಆ ತುಣುಕು ಮತ್ತೆ ಚಿತ್ರಕ್ಕೆ ಸೇರಿತು.

ಕೊನೆಯಲ್ಲಿ ಊರಿಗೆ ಊರೇ ದೀವಟಿಗೆ ಹಿಡಿದು ಬೆನ್ನಟ್ಟಿ, ಅದನ್ನು ಗಾಳಿಗಿರಣಿಯೊಳಗೆ ಸುಡುತ್ತದೆ. ಕಾಡಂಚಿನವರಿಗೆ ಇದು ಅಪರಿಚಿತ ನೋಟವಲ್ಲ. ಕರಡಿ ಹೊಲಕ್ಕೆ ಬಂತೆಂದರೆ ಪಂಜು, ತಮಟೆ ಹಿಡಿದು ಓಡುವುದು ಅಲ್ಲಿ ಜೀವದ ಪ್ರಶ್ನೆ. ಅದನ್ನು ತಪ್ಪೆನ್ನಲು ನಾನು ಯಾರು? ಆದರೆ ಪಂಜಿನ ಬೆಳಕಿನಲ್ಲಿ ಓಡುವ ಪ್ರಾಣಿಯ ಕಣ್ಣನ್ನು ಒಮ್ಮೆ ಕಂಡವರು, ಹೆದರಿದ್ದು ನಾವು ಮಾತ್ರ ಎಂದು ಮತ್ತೆ ಹೇಳಲಾರರು. ಮಗಳ ಹೆಣ ಹೊತ್ತ ತಂದೆಯ ದುಃಖವನ್ನೂ, ಉರಿಯಲ್ಲಿ ಸಿಕ್ಕ ಮೂಕ ಜೀವಿಯ ಗೋಳನ್ನೂ ಚಿತ್ರ ಒಟ್ಟಿಗೇ ತೋರಿಸುತ್ತದೆ; ಯಾವುದನ್ನೂ ಬಿಟ್ಟುಕೊಡುವುದಿಲ್ಲ.

ಚಿತ್ರ ಮುಗಿದ ಮೇಲೆ ನಾನು ನನ್ನ ಓದಿನ ಜಂಬದಿಂದ, ಇದು ನಮ್ಮ ಭಸ್ಮಾಸುರನ ಕಥೆಯೇ ಎಂದೆ. ಅತ್ತೆ ಒಪ್ಪಲಿಲ್ಲ. “ಅಂವ ವರಾ ಕೇಳಿ ಇಸಕೊಂಡ ಸೊಕ್ಕಿದಾಂವ. ಇದು ಏನ ಕೇಳಿತ್ತು? ನಮ್ಮ ಗಣಪ್ಪಗೂ ಬ್ಯಾರೇದರ ತಲಿ ಹಚ್ಚಿದ್ದ ಹೌದಲ್ಲ? ಅವ್ವ ಎತ್ತಿಕೊಂಡಳು, ದೇವರಾದ. ಇದನ್ನ ಯಾರೂ ಎತ್ತಿಕೊಳ್ಳಲಿಲ್ಲ.”

ನಾನು ಸುಮ್ಮನಾದೆ. ಮಣ್ಣಿನಿಂದಲೋ ಮೈಯ ಮಲಿನದಿಂದಲೋ ಮಾಡಿದ ಮಗು, ಅದಕ್ಕೆ ಆನೆಯ ತಲೆ. ನೋಡಿದವರು ಬೆಚ್ಚಬೇಕಾದ ರೂಪವೇ ಅದು. ನಾವು ಬೆಚ್ಚುವುದಿಲ್ಲ, ಹೆಸರಿಟ್ಟು, ಮೊದಲ ಪೂಜೆ ಸಲ್ಲಿಸಿ, ಮೋದಕ ತಿನ್ನಿಸುತ್ತೇವೆ. ಹಾಗಾದರೆ ರಾಕ್ಷಸತನ ಇರುವುದು ಹೊಲಿಗೆ ಹಾಕಿದ ಮೈಯಲ್ಲಿ ಅಲ್ಲ. ಮಾಡಿ ಮುಖ ತಿರುಗಿಸಿದವನ ನಡೆಯಲ್ಲಿ.

ಈ ಚಿತ್ರವನ್ನು 1991ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ, ಕಾಪಾಡಬೇಕಾದ ಕೃತಿಯೆಂದು ಸೇರಿಸಿದರು. ಅದಕ್ಕಿಂತ ಮೊದಲೇ ಮಕ್ಕಳು ಅದನ್ನು ಕಾಪಾಡಿದ್ದರು. ತನಗೆ ಬರೆಯುವ ಮಕ್ಕಳು ಆ ಜೀವಿಗಾಗಿ ಕನಿಕರ ಪಡುತ್ತಾರೆಂದು ಕಾರ್ಲಾಫ್ ಹೇಳಿಕೊಂಡಿದ್ದುಂಟು. ಇಂದು ಯಂತ್ರಗಳಿಗೆ ಮಾತು ಬಂದಿದೆ. ಪ್ರಯೋಗಶಾಲೆಗಳಲ್ಲಿ ಜೀವದ ಬೀಜವನ್ನೇ ತಿದ್ದುತ್ತಿದ್ದಾರೆ. ಮಾಡಬಲ್ಲೆವೇ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಉತ್ತರ ಕೊಟ್ಟಾರು. ಮಾಡಿದ್ದನ್ನು ಎತ್ತಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಕೇಳಲು ಮಾತ್ರ ಹಳೆಯ ಚಿತ್ರವೊಂದು, ಬತ್ತಿ ಹೊಸೆಯುವ ಮುದುಕಿಯೊಬ್ಬಳು ಬೇಕಾಗುತ್ತಾರೆ.

ಚಿತ್ರದ ಕೊನೆಯ ಪಟ್ಟಿ ಬಂದಾಗ, ಮೊದಲು ಪ್ರಶ್ನಾರ್ಥಕ ಚಿಹ್ನೆಯಿದ್ದಲ್ಲಿ ಬೋರಿಸ್ ಕಾರ್ಲಾಫ್ ಎಂಬ ಹೆಸರು ಕಾಣಿಸಿತು. ಹುಡುಗ ಅದನ್ನು ಓದಿ ಹೇಳಿದ. ಅತ್ತೆ ಬತ್ತಿಗಳನ್ನು ಎತ್ತಿಟ್ಟು ಒಳಗೆ ಹೋಗುತ್ತ, “ಕಡೀಕರ ಒಂದು ಹೆಸರಿಟ್ಟರಲ್ಲ, ಬಿಡು” ಎಂದಳು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು.