ಅಂತರಜಾಲ ತಟಸ್ಥತೆ ಮತ್ತು ಬಳಕೆದಾರರ ಅಹವಾಲು (2015-2016)

ಕರ್ನಾಟಕದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಉಲ್ಲೇಖ ಪದೇ ಪದೇ ಬರುತ್ತದೆ. ಯಾರ ಸರಕಿಗೆ ಸುಂಕ, ಯಾರ ಸರಕಿಗೆ ಮಾನ್ಯ ಎಂಬ ಪ್ರಶ್ನೆ ಇಲ್ಲಿನ ವ್ಯಾಪಾರದಷ್ಟೇ ಹಳೆಯದು. ಅದೇ ಪ್ರಶ್ನೆ ಅಂತರಜಾಲದ ದಾರಿಯಲ್ಲಿ ಮತ್ತೆ ಎದುರಾಯಿತು. ತನ್ನ ಜಾಲದಲ್ಲಿ ಹರಿಯುವ ಮಾಹಿತಿಯನ್ನೆಲ್ಲ ದೂರಸಂಪರ್ಕ ಸಂಸ್ಥೆಯು ಭೇದವೆಣಿಸದೆ ಸಾಗಿಸಬೇಕೆಂಬ ತತ್ತ್ವಕ್ಕೆ ಅಂತರಜಾಲ ತಟಸ್ಥತೆಯೆಂದು ಹೆಸರು.

ಅಮೆರಿಕದಲ್ಲಿ 2015ರಲ್ಲಿ ರೂಪುಗೊಂಡ ತಟಸ್ಥತೆಯ ನಿಯಮಗಳನ್ನು ಅಲ್ಲಿನ ಸಂಪರ್ಕ ಆಯೋಗವು 2017ರ ಡಿಸೆಂಬರ್ 14ರಂದು 3-2 ಮತಗಳಿಂದ ರದ್ದುಗೊಳಿಸಿತು. ಅಲ್ಲಿಯ ಬಳಕೆದಾರರದು ಇದ್ದುದನ್ನು ಕಳೆದುಕೊಂಡವರ ಪ್ರತಿಭಟನೆ. ಭಾರತದಲ್ಲಾದರೋ ರಕ್ಷಣೆಯು ರೂಢಿಯಲ್ಲಿತ್ತು, ಬರಹದಲ್ಲಿರಲಿಲ್ಲ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಸಂಸ್ಥೆಯು ಅಂತರಜಾಲ ಕರೆಗಳಿಗೆ ಪ್ರತ್ಯೇಕ ದರ ಪ್ರಕಟಿಸಿ, ವಿರೋಧ ಬಂದೊಡನೆ ಹಿಂದೆ ಸರಿಯಿತು.

2015ರ ಮಾರ್ಚ್ 27ರಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 118 ಪುಟಗಳ ಸಮಾಲೋಚನಾ ಪತ್ರವನ್ನು ಹೊರಡಿಸಿ 20 ಪ್ರಶ್ನೆಗಳನ್ನು ಕೇಳಿತು. ಸ್ವಯಂಸೇವಕರು ಅದನ್ನು ಸರಳಗೊಳಿಸಿ, ಉತ್ತರಗಳನ್ನೂ ಸಿದ್ಧಪಡಿಸಿಕೊಟ್ಟರು. ಏಪ್ರಿಲ್ 24ರ ಗಡುವಿನೊಳಗೆ ಹತ್ತು ಲಕ್ಷದಷ್ಟು ಇ-ಮೇಲ್‌ಗಳು ಪ್ರಾಧಿಕಾರವನ್ನು ತಲುಪಿದವು. ಏರ್‌ಟೆಲ್‌ನ 'ಜೀರೋ' ಯೋಜನೆಯೊಡನೆ ಮಾತುಕತೆ ನಡೆಸಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್, ಬಳಕೆದಾರರು ಅದರ ಆ್ಯಪ್‌ಗೆ ಒಂದೇ ನಕ್ಷತ್ರ ಕೊಡತೊಡಗಿದ ಮೇಲೆ, ಏಪ್ರಿಲ್ 14ರಂದು ಹೊರಬಂದಿತು. ಗ್ರಾಹಕನ ಸಿಟ್ಟು ಇಷ್ಟು ಬೇಗ ಫಲಿಸಿದ ನಿದರ್ಶನಗಳು ವಿರಳ.

ಎರಡನೆಯ ಘಟ್ಟ ಇನ್ನೂ ಕುತೂಹಲಕರವಾದುದು. ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ತೋರಿಸುವ ಫೇಸ್‌ಬುಕ್‌ನ ಯೋಜನೆಯು ರಿಲಯನ್ಸ್ ಕಮ್ಯುನಿಕೇಷನ್ಸ್ ಮೂಲಕ 2015ರ ಫೆಬ್ರವರಿಯಲ್ಲಿ ಆರು ರಾಜ್ಯಗಳಲ್ಲಿ ಆರಂಭವಾಯಿತು. ಆ ಸಾಲಿನಲ್ಲಿ ಕರ್ನಾಟಕವಿರಲಿಲ್ಲ. ಮುಂದೆ 'ಫ್ರೀ ಬೇಸಿಕ್ಸ್' ಎಂಬ ಹೊಸ ಹೆಸರು ಪಡೆದು ಅದು ದೇಶವ್ಯಾಪಿಯಾಯಿತು. ಡಿಸೆಂಬರಿನಲ್ಲಿ ಟ್ರಾಯ್ ದರಭೇದದ ಕುರಿತು ನಾಲ್ಕು ಪ್ರಶ್ನೆಗಳನ್ನು ಕೇಳಿದಾಗ ಫೇಸ್‌ಬುಕ್ ತನ್ನ ಬಳಕೆದಾರರಿಂದ ಒಂದೇ ಒಕ್ಕಣೆಯ ಬೆಂಬಲ ಪತ್ರಗಳನ್ನು ಲಕ್ಷಗಟ್ಟಲೆ ಕಳುಹಿಸಿತು. ಅವು ಕೇಳಿದ ಪ್ರಶ್ನೆಗಳಿಗೆ ಉತ್ತರವಲ್ಲವೆಂದು ಪ್ರಾಧಿಕಾರ ಹೇಳಿತು. ಏಪ್ರಿಲಿನ ಪತ್ರಗಳಲ್ಲಿಯೂ ಸಿದ್ಧ ಒಕ್ಕಣೆಯವು ಹೇರಳವಾಗಿದ್ದವೆಂಬುದನ್ನು ಮರೆಯಬಾರದು. ಆದರೆ ಅವು ಕೇಳಿದ್ದಕ್ಕೆ ಉತ್ತರಿಸಿದ್ದವು. ಸಂಖ್ಯೆಯೊಂದೇ ಜನಾಭಿಪ್ರಾಯವಾಗುವುದಿಲ್ಲವೆಂಬ ಈ ನಿಲುವು ಆಡಳಿತದ ಇತಿಹಾಸದಲ್ಲಿ ಮಹತ್ತ್ವದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಐಐಟಿಗಳ ಪ್ರಾಧ್ಯಾಪಕರು ಜಂಟಿ ಹೇಳಿಕೆಯಲ್ಲಿ ಫ್ರೀ ಬೇಸಿಕ್ಸನ್ನು ವಿರೋಧಿಸಿದರು. ನಂದನ್ ನಿಲೇಕಣಿಯವರು ವಿರಲ್ ಶಾ ಅವರೊಡನೆ ಬರೆದ ಲೇಖನದಲ್ಲಿ, ಬಡವರಿಗೆ ಆಯ್ದ ತಾಣಗಳ ಬದಲು ಉಚಿತ ಡೇಟಾವನ್ನೇ ಕೊಡಬಹುದೆಂದು ಸೂಚಿಸಿದರು.

ವಾಸ್ತವವಾಗಿ ಎರಡೂ ಪಕ್ಷಗಳು ವಾದಿಸಿದ್ದು ಇನ್ನೂ ಜಾಲಕ್ಕೆ ಬಾರದವರ ಹೆಸರಿನಲ್ಲಿ. ಹತ್ತಿ ಗಿರಣಿಗಳ ನಗರವಾಗಿ ಬೆಳೆದ ದಾವಣಗೆರೆಯಲ್ಲಿ, ಪ್ರಾಚೀನ ಈಶ್ವರ ದೇವಾಲಯವಿರುವ ಆನೆಕೊಂಡದಂತಹ ಭಾಗದ ಕೂಲಿಕಾರನೋ ಸಣ್ಣ ವ್ಯಾಪಾರಿಯೋ ಈ ವಾದದ ಕೇಂದ್ರದಲ್ಲಿದ್ದಾನೆ. ಆದರೆ ಸಮಾಲೋಚನಾ ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡವನ್ನಷ್ಟೇ ಬಲ್ಲವನು ಬೇರೊಬ್ಬರ ನೆರವಿಲ್ಲದೆ ಅದಕ್ಕೆ ಉತ್ತರಿಸುವಂತಿರಲಿಲ್ಲ. ಆ ಲಕ್ಷಾಂತರ ಪತ್ರಗಳನ್ನು ಆಕರವಾಗಿ ಬಳಸುವ ಸಂಶೋಧಕರು ಈ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸಿತು. ಉಲ್ಲಂಘನೆಗೆ ದಿನಕ್ಕೆ 50,000 ರೂಪಾಯಿಯಂತೆ ಗರಿಷ್ಠ 50 ಲಕ್ಷ ರೂಪಾಯಿ ದಂಡ ಗೊತ್ತಾಯಿತು. ಮೂರು ದಿನಗಳ ತರುವಾಯ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸನ್ನು ಕೈಬಿಟ್ಟಿತು.