192.168: ಎಲ್ಲರ ಮನೆಯಲ್ಲೂ ಒಂದೇ ವಿಳಾಸ ಯಾಕೆ?

ಪುಣೆಯ ಫ್ಲ್ಯಾಟ್ ಇರಲಿ, ಹೈದರಾಬಾದಿನ ಪಿಜಿ ಇರಲಿ, ವೈಫೈ ಹಿಡಿದ ಲ್ಯಾಪ್‌ಟಾಪಿನ ಐಪಿ ಹೆಚ್ಚಾಗಿ 192.168 ಅಂತಲೇ ಶುರುವಾಗುತ್ತೆ. ಇದರ ಹಿಂದೊಂದು ಹಳೆಯ ಜಗಳ ಇದೆ.

1981ರ ಐಪಿವಿ4 ನಿಯಮದಲ್ಲಿ ವಿಳಾಸಕ್ಕೆ 32 ಬಿಟ್, ಅಂದ್ರೆ ಸುಮಾರು 429 ಕೋಟಿ ವಿಳಾಸ. ಇದು ಸಾಲಲ್ಲ ಅಂತ ತೊಂಬತ್ತರ ದಶಕದಲ್ಲೇ ಗೊತ್ತಾಯ್ತು. 1994ರಲ್ಲಿ 10, 172.16ರಿಂದ 172.31, 192.168 ಈ ಮೂರು ಗುಂಪನ್ನು ಒಳಬಳಕೆಗೆ ಮೀಸಲಿಟ್ಟರು. 10 ಮೊದಲು ಅರ್ಪಾನೆಟ್‌ನದು. ಅದು 1990ರಲ್ಲೇ ಮುಚ್ಚಿತ್ತು. ಹೊರಗೆ ಹೋಗುವಾಗ ವಿಳಾಸ ಬದಲಿಸುವ ನ್ಯಾಟ್ ಕೂಡ 1994ರಲ್ಲೇ ಬಂತು.

'ಪ್ರತಿ ಯಂತ್ರಕ್ಕೂ ಬೇರೆ ವಿಳಾಸ ಇರೋದೇ ಇಂಟರ್‌ನೆಟ್ಟಿನ ಬಲ' ಅಂತ ಕೆಲವರು ಆಗಲೇ ಆಕ್ಷೇಪಿಸಿದರು. ಆದರೂ 1996ರಲ್ಲಿ ಮೀಸಲಾತಿ ಖಾಯಂ ಆಯ್ತು.

2011ರ ಫೆಬ್ರವರಿಯಲ್ಲಿ ಐಯಾನಾದ ಉಗ್ರಾಣ ಖಾಲಿ. 2012ರಲ್ಲಿ ಕಂಪನಿಗಳ ನ್ಯಾಟ್‌ಗೆಂದೇ 100.64ರಿಂದ 100.127 ಮೀಸಲಾಯ್ತು. ರೂಟರ್‌ನ ವ್ಯಾನ್ ಐಪಿ ಈ ಸಾಲಿನದಾದ್ರೆ, ಪಬ್ಲಿಕ್ ಐಪಿಯನ್ನು ಗುರುತಿಲ್ಲದವರ ಜೊತೆ ಹಂಚಿಕೊಂಡಿದ್ದೀರಿ ಅಂತ ಅರ್ಥ. ಆಗ ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನ ಇಲ್ಲ. ಊರಲ್ಲಿರೋ ಅಪ್ಪ-ಅಮ್ಮನ ಮನೆ ಕ್ಯಾಮೆರಾ ನೋಡೋಕೂ ಯಾರದೋ ಸರ್ವರ್ ದಾಟಬೇಕು.

ಆಕ್ಷೇಪಿಸಿದವರ ಮಾತು ನಿಜವಾಯ್ತು ಅಂತ ನನಗನಿಸುತ್ತೆ. ನಿಮ್ಮ ರೂಟರ್‌ನಲ್ಲಿ ಐಪಿವಿ6 ಆನ್ ಇದೆಯಾ, ಇವತ್ತೇ ನೋಡಿ.