ಕುದುರೆಯೇರಿದ ಚಾಂದಬೀಬಿ: ಚರಿತ್ರೆ, ಚಿತ್ರ ಮತ್ತು ಜನಸ್ಮೃತಿ

ದಖ್ಖನಿನ ಚರಿತ್ರೆಯಲ್ಲಿ ಚಾಂದಬೀಬಿಯ ಹೆಸರು ಬಂದಾಗಲೆಲ್ಲ ಎರಡು ಚಿತ್ರಗಳು ಕಣ್ಮುಂದೆ ನಿಲ್ಲುತ್ತವೆ. ಒಂದು, ಅಹಮದನಗರದ ಒಡೆದ ಕೋಟೆಗೋಡೆಯ ಬಳಿ ಕತ್ತಿ ಹಿರಿದು ನಿಂತ ವೀರರಾಣಿಯದು. ಇನ್ನೊಂದು, ಮುಂಗೈಯಲ್ಲಿ ಡೇಗೆಯನ್ನು ಕೂರಿಸಿಕೊಂಡು ಕುದುರೆಯ ಮೇಲೆ ಬೇಟೆಗೆ ಹೊರಟ ರಾಣಿಯದು. ಮೊದಲನೆಯದನ್ನು ನಮಗೆ ಕೊಟ್ಟವರು ಚರಿತ್ರಕಾರರು. ಎರಡನೆಯದನ್ನು ಕೊಟ್ಟವರು ಚಿತ್ರಕಾರರು. ಒಬ್ಬಳೇ ಹೆಣ್ಣನ್ನು ಕುರಿತ ಈ ಎರಡು ಸ್ಮೃತಿಗಳ ನಡುವಿನ ಅಂತರವು ವಿಚಾರಾರ್ಹವಾದುದು.

ಚಾಂದಬೀಬಿಯು ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು. ವಿಜಯನಗರದ ವಿರುದ್ಧ ಸುಲ್ತಾನರು ಒಂದಾಗುವ ಸಂದರ್ಭದಲ್ಲಿ ಬಿಜಾಪುರದ ಒಂದನೆಯ ಅಲಿ ಆದಿಲಶಾಹನಿಗೆ ಆಕೆಯನ್ನು ಮದುವೆ ಮಾಡಿಕೊಡಲಾಯಿತು. ಸೊಲ್ಲಾಪುರದ ಕೋಟೆಯು ಬಳುವಳಿಯಾಗಿ ಬಂದಿತು. ಅದರ ಬೆನ್ನಿಗೇ 1565ರ ತಾಳಿಕೋಟೆಯ ಕಾಳಗ ನಡೆಯಿತು. ರಾಜಕಾರಣದ ಕೊಡುಕೊಳ್ಳುವಿಕೆಯಲ್ಲಿ ಒಂದು ಒಪ್ಪಂದದ ಭಾಗವಾಗಿ ಬಿಜಾಪುರಕ್ಕೆ ಬಂದ ಈ ಹೆಣ್ಣುಮಗಳು ಮುಂದೆ ಆ ರಾಜ್ಯದ ಆಡಳಿತವನ್ನೇ ಹೊರಬೇಕಾಯಿತು. 1580ರಲ್ಲಿ ಅಲಿಯ ಕೊಲೆಯಾದಾಗ ಪಟ್ಟಕ್ಕೆ ಬಂದ ಇಬ್ರಾಹಿಮನಿಗೆ ಒಂಬತ್ತರ ಹರೆಯ. ಬಾಲಕನ ಪರವಾಗಿ ಆಡಳಿತ ನೋಡಿಕೊಂಡ ಆಕೆಯನ್ನು ಅಧಿಕಾರದಾಹಿಯಾದ ಹಾಜಿ ಕಿಶ್ವರ್ ಖಾನನು ಸಾತಾರೆಯ ಕೋಟೆಯಲ್ಲಿ ಸೆರೆಯಿರಿಸಿದನು. ಅವನ ಪತನದ ಬಳಿಕವೇ ಆಕೆಗೆ ಬಿಡುಗಡೆಯಾಯಿತು. 1584ರಲ್ಲಿ ಆಕೆ ತವರಿಗೆ ಮರಳಿದಳು.

ತವರಿನಲ್ಲಿಯೂ ಆಕೆಗೆ ನೆಮ್ಮದಿ ದೊರೆಯಲಿಲ್ಲ. 1595ರ ಕೊನೆಯಲ್ಲಿ ಅಕ್ಬರನ ಮಗ ಮುರಾದನು ಅಹಮದನಗರವನ್ನು ಮುತ್ತಿದನು. ಮೊಘಲರು ಗೋಡೆಯಡಿ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿದಾಗ ಕೋಟೆ ಬಿರುಕುಬಿಟ್ಟು ಕುಸಿಯಿತು. ಮುಸುಕು ತೊಟ್ಟು, ಕವಚ ಧರಿಸಿ, ಕತ್ತಿ ಹಿಡಿದು ಆಕೆ ಬಂದು ನಿಂತಳೆಂದೂ, ರಾತ್ರಿ ಬೆಳಗಾಗುವುದರೊಳಗೆ ಬಿದ್ದ ಗೋಡೆಯನ್ನು ಎತ್ತಿಸಿದಳೆಂದೂ ಚರಿತ್ರೆಗಳು ವರ್ಣಿಸುತ್ತವೆ. 1596ರಲ್ಲಿ ಬೇರಾರ್ ಪ್ರಾಂತವನ್ನು ಬಿಟ್ಟುಕೊಟ್ಟು ಆಕೆ ರಾಜಧಾನಿಯನ್ನು ಉಳಿಸಿಕೊಂಡಳು. ಎರಡನೆಯ ಮುತ್ತಿಗೆಯಲ್ಲಿ ಸಂಧಾನವೇ ದಾರಿಯೆಂದು ಬಗೆದಾಗ, ಆಕೆ ಶತ್ರುವಿನೊಡನೆ ಸೇರಿಕೊಂಡಳೆಂಬ ಕೂಗೆದ್ದು ಸ್ವಂತ ಸೈನಿಕರೇ ಆಕೆಯನ್ನು ಕೊಂದರು. 1600ರಲ್ಲಿ ಕೋಟೆ ಮೊಘಲರ ವಶವಾಯಿತು.

ಇಷ್ಟು ಚರಿತ್ರೆ. ಆದರೆ ಹದಿನೇಳನೆಯ ಶತಮಾನದ ಕೊನೆಯಿಂದ ಹದಿನೆಂಟನೆಯ ಶತಮಾನದುದ್ದಕ್ಕೂ ದಖ್ಖನಿನ ಕುಂಚಗಳು ಮತ್ತೆ ಮತ್ತೆ ಬರೆದದ್ದು ಮುತ್ತಿಗೆಯನ್ನಲ್ಲ, ಕೊಲೆಯನ್ನೂ ಅಲ್ಲ, ಡೇಗೆಬೇಟೆಯನ್ನು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 1700ರ ಕಾಲದ ಚಿತ್ರವು ಇವುಗಳಲ್ಲಿ ಹೆಸರಾದುದು. ಕುದುರೆಯ ಮೇಲೆ ರಾಣಿ, ಆಕೆಯ ಕೈಮೇಲೆ ಡೇಗೆ, ಸುತ್ತ ಪರಿಚಾರಕರು: ಇದೇ ವಿನ್ಯಾಸ ಹಲವು ಪ್ರತಿಗಳಲ್ಲಿ ಉಳಿದು ಬಂದಿದೆ. ಆಕೆ ಸತ್ತು ನೂರು ವರ್ಷಗಳಾದ ಮೇಲೆ ಬರೆದ ಇವು ಕಣ್ಣಾರೆ ಕಂಡು ತೆಗೆದ ರೂಪಗಳಲ್ಲ. ಪರಂಪರೆಯು ಆಕೆಯನ್ನು ಹೇಗೆ ನೆನೆಯಲು ಬಯಸಿತೆಂಬುದಕ್ಕೆ ಇವು ಸಾಕ್ಷಿ.

ಕುದುರೆಯೇ ಏಕೆ? ದಖ್ಖನಿನಲ್ಲಿ ಕುದುರೆಯೆಂದರೆ ಅಧಿಕಾರ. ಅರಬ್ ಮತ್ತು ಪಾರಸಿಕ ದೇಶಗಳ ಅಶ್ವಗಳು ಕಡಲು ದಾಟಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದವು. ಅವುಗಳಿಗಾಗಿ ಅರಸರು ಅಪಾರ ಹೊನ್ನು ಸುರಿಯುತ್ತಿದ್ದರು. ಜೀನು, ಲಗಾಮು ಎಂಬ ಪಾರಸಿ ಮೂಲದ ಮಾತುಗಳು ಕನ್ನಡದ ಮನೆಮಾತಾದುದು ಈ ಬಗೆಯ ಒಡನಾಟದಿಂದಲೇ. ಅಂಥ ಪ್ರಾಣಿಯ ಮೇಲೆ ಹೆಣ್ಣು ಕುಳಿತಳೆಂದರೆ, ಆಕೆ ಯಾರದೋ ಬಳುವಳಿಯ ಜೊತೆಗೆ ಬಂದವಳಲ್ಲ, ತನ್ನ ದಾರಿಯನ್ನು ತಾನೇ ಹಿಡಿದವಳು ಎಂದು ನೋಡುವವರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಕನ್ನಡನಾಡಿನ ಇನ್ನೊಂದು ನೆನಪಿನೊಡನೆ ಇದನ್ನು ಹೋಲಿಸಬಹುದು. ಹುಬ್ಬಳ್ಳಿಯ ವೃತ್ತದಲ್ಲಿ ಕಿತ್ತೂರಿನ ಚೆನ್ನಮ್ಮ ಕುದುರೆಯೇರಿ ಕತ್ತಿ ಹಿಡಿದಿದ್ದಾಳೆ. ಅಲ್ಲಿ ಕುದುರೆ ಯುದ್ಧದ ವಾಹನ. ನಾಡಿಗೆ ಆಪತ್ತು ಬಂದಾಗ ಹೆಣ್ಣಿಗೆ ಸಲ್ಲುವ ಅವಕಾಶ. ಚಾಂದಬೀಬಿಯ ಚಿತ್ರಗಳಲ್ಲಿ ಕತ್ತಿಯ ಜಾಗದಲ್ಲಿ ಹಕ್ಕಿಯಿದೆ. ಇಲ್ಲಿ ಸವಾರಿಗೆ ಆಪತ್ತಿನ ಸಮರ್ಥನೆ ಬೇಕಾಗಿಲ್ಲ. ಅದು ಆಕೆಯ ಸಂತೋಷ. ಹೆಣ್ಣಿನ ತ್ಯಾಗವನ್ನು ಹಾಡಿ ಹೊಗಳುವ ಸಮಾಜ ಆಕೆಯ ಸಂತೋಷವನ್ನು ನೆನಪಿಡುವುದು ಅಪರೂಪ. ಈ ಚಿತ್ರಗಳ ನಿಜವಾದ ಬೆಲೆ ಇರುವುದು ಇಲ್ಲಿ.

ಜನಸ್ಮೃತಿಯು ಚರಿತ್ರೆಯ ಲೆಕ್ಕವನ್ನು ಪಾಲಿಸುವುದಿಲ್ಲ. ಅಹಮದನಗರದ, ಅಂದರೆ ಇಂದಿನ ಅಹಿಲ್ಯಾನಗರದ ಹೊರವಲಯದ ಬೆಟ್ಟದ ಮೇಲಿರುವ ಎಂಟು ಮೂಲೆಯ ಎತ್ತರದ ಕಟ್ಟಡವನ್ನು ಜನರು ಚಾಂದಬೀಬಿ ಮಹಲೆಂದೇ ಕರೆಯುತ್ತಾರೆ. ವಾಸ್ತವವಾಗಿ ಅದು ಮಂತ್ರಿ ಸಲಾಬತ್ ಖಾನನ ಗೋರಿ. ಇದನ್ನು ಬರಿಯ ತಪ್ಪೆಂದು ತಳ್ಳಿಹಾಕುವುದು ಸುಲಭ. ಆದರೆ ಊರಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಕಾಣುವ ಕಟ್ಟಡವನ್ನು ಜನರು ಮಂತ್ರಿಯಿಂದ ತೆಗೆದು ರಾಣಿಗೆ ಕೊಟ್ಟಿದ್ದಾರೆಂಬುದು ಗಮನಾರ್ಹ. ಸ್ವಂತ ಸೈನಿಕರು ದ್ರೋಹಿಯೆಂದು ಕೊಂದವಳಿಗೆ ಅವರ ಮೊಮ್ಮಕ್ಕಳು, ಮರಿಮಕ್ಕಳು ಸಲ್ಲಿಸಿದ ಪ್ರಾಯಶ್ಚಿತ್ತವೆಂದು ಇದನ್ನು ಓದಲು ಸಾಧ್ಯವಿದೆ.

ವಿಜಯಪುರದ ಪೂರ್ವಭಾಗದಲ್ಲಿ ಅಲಿ ಆದಿಲಶಾಹನು 1579ರಲ್ಲಿ ಕಟ್ಟಿಸಿದ ಬಾವಡಿಯೊಂದಿದೆ. ಅದಕ್ಕೆ ಹೆಂಡತಿಯ ಹೆಸರಿಟ್ಟನು. ಅದು ಇಂದಿಗೂ ಚಾಂದ್ ಬಾವಡಿಯೇ. ಮರುವರ್ಷ ಅವನು ಇರಲಿಲ್ಲ. ಕನ್ನಡನೆಲದಲ್ಲಿ ಆಕೆಯ ಹೆಸರು ಹೀಗೆ ನೀರಿನೊಡನೆ ಉಳಿಯಿತು, ಚಿತ್ರಗಳಲ್ಲಿ ಆಕೆಯ ರೂಪ ಕುದುರೆಯೊಡನೆ ಉಳಿಯಿತು. ಆಕೆಯ ಬದುಕನ್ನು ಬರೆಯುವವರು ಕೋಟೆಗೋಡೆಯ ಕಥೆಯೊಂದಕ್ಕೇ ನಿಲ್ಲದೆ ಈ ಎರಡನ್ನೂ ಆಧಾರವಾಗಿ ಪರಿಗಣಿಸಬೇಕಾಗಿದೆ. ಸಾವಿನಿಂದ ಮಾತ್ರ ಅಳೆದರೆ ಆಕೆ ಸೋತ ರಾಣಿ. ಕುದುರೆಯ ಮೇಲೆ ಕಂಡರೆ, ತನ್ನ ಕಾಲದ ಬಯಲಿನಲ್ಲಿ ತಾನಾಗಿ ಓಡಾಡಿದ ಒಬ್ಬ ಹೆಣ್ಣು.